ಸೋರುವ ಮೆನಿಫೋಲ್ಡ್ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೆ,

ಮಲ್ಪೆ ಬಂದರಿನಿಂದ ಘಟ್ಟದ ಮೇಲಕ್ಕೆ ಮೀನು ಸಾಗಿಸುವ ನಿಮ್ಮ ಹಳೆಯ ಟಾಟಾ 407 ಟೆಂಪೋದ ಎಕ್ಸಾಸ್ಟ್ ಮೆನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಹೊರಗೊಯ್ಯುವ ಕೊಳವೆ) ಸೋರಿಕೆಯನ್ನು ಸರಿಪಡಿಸಿದ ಬಗೆಯನ್ನು ವಿವರಿಸುವ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ತಿದ್ದಿ ಬರೆದರೆ ನಿಲ್ಲುವಷ್ಟು ಸರಕು ಅದರಲ್ಲಿರುವುದರಿಂದ, ಎರಡು ಸಾಲಿನ ವಿಷಾದಪತ್ರ ಕಳುಹಿಸುವ ಬದಲು ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ರುಡಾಲ್ಫ್ ಡೀಸೆಲ್ ಅವರಿಂದ ಆರಂಭಿಸಿ 1986ರಲ್ಲಿ 407 ಮಾರುಕಟ್ಟೆಗೆ ಬಂದಲ್ಲಿಯವರೆಗಿನ ಮೊದಲ ಎರಡು ಪುಟಗಳನ್ನು ಪೂರ್ತಿ ತೆಗೆಯಿರಿ. ಲೇಖನ ನಿಜವಾಗಿ ಶುರುವಾಗುವುದು ಮೂರನೆಯ ಪುಟದಲ್ಲಿ, ನಸುಕಿನಲ್ಲಿ ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಎಂದು ಕೇಳಿಸಿದ ಸದ್ದು ಗಾಡಿ ಸಂತೆಕಟ್ಟೆ ತಲುಪುವಷ್ಟರಲ್ಲಿ ಅಡಗಿಹೋಯಿತು ಎಂದು ನೀವು ಬರೆದಿರುವಲ್ಲಿ. ಅದು ಏಕೆ ಅಡಗಿತು ಎಂಬುದನ್ನು ಮಾತ್ರ ಹೇಳಿಲ್ಲ. ಕಬ್ಬಿಣ ಕಾದು ಹಿಗ್ಗಿದಾಗ ಸಂದು ತಾತ್ಕಾಲಿಕವಾಗಿ ಮುಚ್ಚಿಕೊಳ್ಳುತ್ತದೆ; ವಾಲ್ವ್ ಎತ್ತುವ ಟ್ಯಾಪೆಟ್ ಸಡಿಲವಾಗಿದ್ದರೆ ಬಿಸಿಯಾದ ಮೇಲೂ ಸದ್ದು ಸಾಮಾನ್ಯವಾಗಿ ಉಳಿಯುತ್ತದೆ. ಈ ವ್ಯತ್ಯಾಸ ತಿಳಿಯದೆ ಟ್ಯಾಪೆಟ್ ಸೆಟ್ಟಿಂಗಿಗೆ ಹಣ ಕೊಟ್ಟು ಬರುವವರಿದ್ದಾರೆ. ಸಂದು ಮುಚ್ಚುವ ಗ್ಯಾಸ್ಕೆಟ್ ಅಂಚಿನಲ್ಲಿ ಕಂಡ ಮಸಿಯ ಗೆರೆ ಮತ್ತು ಊದುಬತ್ತಿಯ ಹೊಗೆ ಹಿಡಿದು ಸೋರುವ ಜಾಗವನ್ನು ಗುರುತಿಸಿದ ಭಾಗ ಚೆನ್ನಾಗಿದೆ, ಅದು ಹಾಗೆಯೇ ಇರಲಿ. ಮಳೆಯೆಂದು ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ಈ ಪರೀಕ್ಷೆ ಮಾಡಿದ್ದೀರಿ. ಕಾರ್ಬನ್ ಮೊನಾಕ್ಸೈಡಿನ ಅಪಾಯದ ಮಾತಿಲ್ಲದೆ ಆ ಸಾಲನ್ನು ಅಚ್ಚು ಹಾಕಲಾರೆ.

ನನ್ನ ಮುಖ್ಯ ತಕರಾರು ಬೇರೆಯದೇ, ಮೆನಿಫೋಲ್ಡನ್ನು ಎಂಜಿನ್ನಿನ ಹೆಡ್ಡಿಗೆ (ಮೇಲ್ಭಾಗಕ್ಕೆ) ಬಿಗಿದಿಡುವ ಸ್ಟಡ್ ಎಂಬ ತಲೆಯಿಲ್ಲದ ಬೋಲ್ಟುಗಳದು. “ಎರಡು ಸ್ಟಡ್ ಮುರಿದಿದ್ದವು, ತೆಗೆಸಿ ಹೊಸದು ಹಾಕಿಸಿದೆ” ಎಂದು ಒಂದೇ ವಾಕ್ಯದಲ್ಲಿ ದಾಟಿಹೋಗಿದ್ದೀರಿ. ನಿಮ್ಮ ಲೇಖನದ ವಸ್ತು ಇರುವುದು ಆ ವಾಕ್ಯದಲ್ಲಿ. ಬೈಕಂಪಾಡಿಯಲ್ಲಿ ಲೇತ್ ಕೆಲಸ ಮಾಡುವ ನನ್ನ ಸ್ನೇಹಿತರೊಬ್ಬರು ಅದನ್ನು ಓದಿದ ಕೂಡಲೇ, ಮುರಿದದ್ದು ಎರಡು ತುದಿಗಳ ಸ್ಟಡ್‌ಗಳೇ ಇರಬೇಕು ಎಂದರು. ಅದಕ್ಕೆ ಕಾರಣವಿದೆ. ಅರ್ಧ ಮೀಟರ್ ಉದ್ದದ ಬೀಡು ಕಬ್ಬಿಣದ ಮೆನಿಫೋಲ್ಡ್ ತಣ್ಣಗಿದ್ದಾಗಿನದಕ್ಕಿಂತ 400 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 2 ಮಿಲಿಮೀಟರ್ ಉದ್ದವಾಗುತ್ತದೆ. ನೀರಿನಿಂದ ತಂಪಾಗುವ ಹೆಡ್ ಅಷ್ಟು ಹಿಗ್ಗುವುದಿಲ್ಲ. ಈ ಎಳೆದಾಟದ ಬಹುಪಾಲು ತುದಿಗಳ ಮೇಲೆ ಬೀಳುತ್ತದೆ. ಲೋಡ್ ಹೊತ್ತು ಘಾಟಿ ಏರುವಾಗ ಒಂದು ದಿಕ್ಕಿಗೆ, ಖಾಲಿ ಇಳಿದು ಬರುವಾಗ ಇನ್ನೊಂದು ದಿಕ್ಕಿಗೆ ಪ್ರತಿದಿನ ಬಾಗುವ ಸ್ಟಡ್, ಬಂದರಿನ ಉಪ್ಪುಗಾಳಿಗೆ ಮೊದಲೇ ತುಕ್ಕು ಹಿಡಿದಿದ್ದರೆ, ಒಂದು ದಿನ ಮುರಿಯಲೇಬೇಕು. ಇದನ್ನು ತಿಳಿಯದ ಓದುಗ ಗ್ಯಾಸ್ಕೆಟ್ ಮಾತ್ರ ಬದಲಿಸುತ್ತಾನೆ, ಅದು ಮತ್ತೆ ಸೋರುತ್ತದೆ, ಬೈಗುಳ ಗ್ಯಾಸ್ಕೆಟ್ ಮಾರಿದವನಿಗೆ ಬೀಳುತ್ತದೆ.

ಮುರಿದ ತುಂಡನ್ನು ಹೇಗೆ ತೆಗೆದರು ಎಂಬುದನ್ನೂ ನೀವು ನಿಂತು ನೋಡಿರಬೇಕಲ್ಲ, ಅದನ್ನು ಬರೆಯಿರಿ. ತುಂಡು ಸ್ವಲ್ಪ ಹೊರಗೆ ಚಾಚಿಕೊಂಡಿದ್ದರೆ ಅದರ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿ ತಿರುಗಿಸುತ್ತಾರೆ. ವೆಲ್ಡಿಂಗಿನ ಕಾವಿಗೆ ತುಕ್ಕಿನ ಹಿಡಿತವೂ ಸಡಿಲವಾಗುತ್ತದೆ. ಹೆಡ್ಡಿನ ಒಳಮಟ್ಟಕ್ಕೆ ಮುರಿದಿದ್ದರೆ ನಟ್ಟನಡುವೆ ಪಂಚ್ ಹೊಡೆದು ಸಣ್ಣ ಡ್ರಿಲ್ಲಿನಿಂದ ಆರಂಭಿಸಬೇಕಾಗುತ್ತದೆ, ಅಲ್ಲಿ ಬಿಟ್ ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಹೆಡ್ಡಿನ ಮರೆ (ಸ್ಟಡ್ ತಿರುಗಿ ಕೂರುವ ಸುರುಳಿ ಗೆರೆ) ಹಾಳು. ನಿಮ್ಮ ಟೆಂಪೋಗೆ ಇವುಗಳಲ್ಲಿ ಯಾವುದು ಬೇಕಾಯಿತು?

ಇನ್ನು ತಪ್ಪುಗಳು. ಗ್ಯಾಸ್ಕೆಟ್‌ನ ಎರಡೂ ಬದಿಗೆ ಸಿಲಿಕೋನ್ ಗಮ್ ಬಳಿಯಿರಿ ಎಂಬ ಸಲಹೆಯನ್ನು ಹೊಡೆದುಹಾಕಿ. ಹೆಚ್ಚು ಶಾಖ ತಡೆಯುವ ಕೆಂಪು ಗಮ್ ಕೂಡ 300 ಡಿಗ್ರಿಯ ಆಸುಪಾಸಿನಲ್ಲಿ ಕೈಕೊಡುತ್ತದೆ. ಈ ಗ್ಯಾಸ್ಕೆಟ್ಟನ್ನು ಒಣದಾಗಿಯೇ ಕೂರಿಸಬೇಕು. ಮೆನಿಫೋಲ್ಡ್ ಮುಖ ಡೊಂಕಾಗಿದೆಯೇ ಎಂದು ಉಕ್ಕಿನ ಪಟ್ಟಿ ಮತ್ತು ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ನೋಡಿದ ಪ್ರಸ್ತಾಪವೇ ಇಲ್ಲ. ಡೊಂಕಿದ್ದರೆ ಲೇತ್ ಶಾಪಿನಲ್ಲಿ ಎಲ್ಲ ಮುಖಗಳನ್ನೂ ಒಂದೇ ಮಟ್ಟಕ್ಕೆ ತರಿಸದೆ ಯಾವ ಗ್ಯಾಸ್ಕೆಟ್ ಹಾಕಿದರೂ ವ್ಯರ್ಥ. ನಟ್‌ಗಳನ್ನು “ಕೈಗೆ ಬಿಗಿ ಎನಿಸುವಷ್ಟು” ತಿರುಗಿಸಿದೆ ಎಂದಿದ್ದೀರಿ. ನಡುವಿನಿಂದ ತುದಿಗಳ ಕಡೆಗೆ ಹಂತಹಂತವಾಗಿ, ಗಾಡಿಯ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆಗೆ) ಬಿಗಿದು, ಒಮ್ಮೆ ಕಾದು ಆರಿದ ಮೇಲೆ ಮತ್ತೆ ಪರೀಕ್ಷಿಸಬೇಕು ಎಂದಾಗಬೇಕು.

ಬೇಗ ಆರಲೆಂದು ಕಾದ ಮೆನಿಫೋಲ್ಡ್ ಮೇಲೆ ನೀರು ಹೊಯ್ದದ್ದನ್ನಂತೂ ಹೆಮ್ಮೆಯಿಂದ ಬರೆದಿದ್ದೀರಿ! ಬೀಡು ಬಿರುಕು ಬಿಡುವುದು ಹೀಗೆಯೇ. ಮಳೆಗಾಲದಲ್ಲಿ ಕೊಟ್ಟಾರ ಚೌಕಿಯ ನಿಂತ ನೀರಿಗೆ ಬಿಸಿ ಎಂಜಿನ್ನಿನ ಗಾಡಿಯನ್ನು ರಭಸದಿಂದ ನುಗ್ಗಿಸುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆಯಾದ್ದರಿಂದ, ಆ ಘಟನೆಯನ್ನು ತೆಗೆಯದೆ ಎಚ್ಚರಿಕೆಯಾಗಿ ತಿರುಗಿಸಿ ಬರೆಯಿರಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. “ಬೆಂಕಿಯುಸಿರಿನ ಹೆಬ್ಬಾವು” ಎಂದು ಮೆನಿಫೋಲ್ಡನ್ನು ಕರೆದಿರುವ ಪ್ಯಾರಾ ಬೇಡ. ಖರ್ಚಿನ ವಿವರ ಇರಲಿ, ಅಂಗಡಿಗಳ ಹೆಸರು ಬೇಡ. ಹೊಸ ಗ್ಯಾಸ್ಕೆಟ್‌ನ ಹೊಳೆಯುವ ಚಿತ್ರದ ಬದಲು, ಮುರಿದ ಸ್ಟಡ್ ಹೆಡ್ಡಿನಲ್ಲಿ ಉಳಿದಿರುವ ಚಿತ್ರವಿದ್ದರೆ ಕಳುಹಿಸಿ.

ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಮೀನಿನ ಟೆಂಪೋಗಳಿಗೆ ಬಿಡುವಿರುವಾಗಲೇ ಇಂಥ ಕೆಲಸ ಮಾಡಿಸಿಕೊಳ್ಳುವುದು ಸುಲಭ. ತಿದ್ದಿದ ಪ್ರತಿ ಮೇ ಮೊದಲ ವಾರದೊಳಗೆ ಕೈಸೇರಿದರೆ ಜೂನ್ ಸಂಚಿಕೆಗೆ ಪರಿಗಣಿಸುತ್ತೇನೆ.

ಇತಿ,
ಸಂಪಾದಕ
ಮಂಗಳೂರು