ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಟೀಮ್‌ಗೆ ಸೆಟ್ ಪ್ಲೇ ಎಷ್ಟಿರ್ಬೇಕು, ಹೆಂಗೆ ಕಲಿಸ್ಬೇಕು

ಸರ್ ನಮಸ್ತೆ, ನಿಮ್ಮ ಪ್ರಶ್ನೆ ಬೆಳಿಗ್ಗೆನೇ ನೋಡ್ದೆ, ಆಗ ಟೈಪ್ ಮಾಡೋಕೆ ಪುರ್ಸೊತ್ತಿರ್ಲಿಲ್ಲ, ಈಗ ಕೂತು ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ. ನೀವು ಹೇಳಿದ್ದಿಷ್ಟು: ಹೈಸ್ಕೂಲ್ ಹುಡುಗ್ರು, ಹದಿನಾಲ್ಕು ಜನ, ಇರೋದು ಒಂದೇ ಸಿಮೆಂಟ್ ಕೋರ್ಟು, ಸಂಜೆ ಒಂದೂವರೆ ಗಂಟೆ ಸಿಗುತ್ತೆ. ವಿಡಿಯೋ ನೋಡಿ ಹತ್ತು ಹನ್ನೆರಡು ಪ್ಲೇ, ಅಂದ್ರೆ ಯಾರು ಎಲ್ಲಿಂದ ಎಲ್ಲಿಗೆ ಓಡ್ಬೇಕು ಅಂತ ಮೊದ್ಲೇ ಗೊತ್ತು ಮಾಡಿದ ಆಟ, ಕಲಿಸಿದೀರ, ಡಿಫೆನ್ಸ್ ಇಲ್ದೆ ಓಡ್ಸಿದ್ರೆ ಕಣ್ಮುಚ್ಕೊಂಡು ಓಡ್ತಾರೆ, ಮ್ಯಾಚಲ್ಲಿ ಎದುರಿಗೊಂದು ಕೈ ಅಡ್ಡ ಬಂದ ತಕ್ಷಣ ಎಲ್ಲಾ ಮರ್ತು ಐದೂ ಜನ ಬಾಲ್ ಹತ್ರ ಬಂದು ನಿಲ್ತಾರೆ, ಜಾತ್ರೇಲಿ ಕಡ್ಲೆಪುರಿ ಅಂಗಡಿ ಮುತ್ಕೊಂಡಂಗೆ. ಕೊನೇಲಿ ಟ್ರಯಾಂಗಲ್ ಆಫೆನ್ಸ್ ಅನ್ನೋ ದಾಳಿ ಪದ್ಧತಿ ಹಾಕ್ಲಾ ಅಂತ ಕೇಳಿದೀರ.

ಟ್ರಯಾಂಗಲ್ ಬೇಡ ಸರ್, ದಯವಿಟ್ಟು. ಟೆಕ್ಸ್ ವಿಂಟರ್ ಅನ್ನೋ ಅಮೆರಿಕದ ಕೋಚ್ ಅದನ್ನ 1950ರ ದಶಕದಲ್ಲೇ ಕ್ಯಾನ್ಸಸ್ ಸ್ಟೇಟ್ ಕಾಲೇಜ್ ಹುಡುಗ್ರಿಗೆ ಆಡಿಸ್ತಿದ್ರು, ಆಮೇಲೆ ಹೆಡ್ ಕೋಚ್ ಫಿಲ್ ಜಾಕ್ಸನ್ ಜೊತೆ ಸೇರಿ ಎನ್‌ಬಿಎ ಟೀಮ್ ಶಿಕಾಗೋ ಬುಲ್ಸ್‌ಗೆ ಆಡ್ಸಿದ್ರು, 1991ರಿಂದ 98ರೊಳಗೆ ಆರು ಟೈಟಲ್ ಬಂತು, ಎಲ್ಲಾ ನಿಜ. ಆದ್ರೆ ಅದ್ರಲ್ಲಿ ಕಂಠಪಾಠ ಮಾಡೋ ಪ್ಲೇ ತುಂಬಾ ಕಮ್ಮಿ, ಪ್ರತಿ ಪಾಸಿಗೂ ಉಳಿದ ನಾಲ್ಕು ಜನ ಡಿಫೆಂಡರ್ ಎಲ್ಲಿದಾನೆ ನೋಡಿ ತಾವೇ ತೀರ್ಮಾನ ಮಾಡ್ಬೇಕು. ದಿನಾ ಅದೇ ಕೆಲಸ ಮಾಡೋ ದೊಡ್ಡ ಆಟಗಾರರಿಗೇ ಅದು ಕೂತ್ಕೊಳ್ಳೋಕೆ ಟೈಮ್ ಬೇಕಾಯ್ತು, ನಮ್ಮ ಹುಡುಗ್ರಿಗೆ ಮಧ್ಯೆ ಟ್ಯೂಷನ್ನು, ಯೂನಿಟ್ ಟೆಸ್ಟು.

ನನ್ ಪ್ರಕಾರ ನಿಮಗೆ ಬೇಕಾಗಿರೋದು ಎರಡೇ ಪ್ಲೇ. ಒಂದು ಹಾಫ್ ಕೋರ್ಟ್‌ಗೆ, ಅಂದ್ರೆ ಎದುರಿನವ್ರ ಅರ್ಧದಲ್ಲಿ ಆಡೋದಕ್ಕೆ, ಒಂದು ರಿಂಗ್ ಹಿಂದಿನ ಬೇಸ್‌ಲೈನಿಂದ ಬಾಲ್ ಒಳಗೆ ಹಾಕೋದಕ್ಕೆ. ಬಾಕಿ ಹತ್ತನ್ನ ಈ ಸೀಸನ್‌ಗೆ ಕಟ್ಟಿಡಿ. ಮಕ್ಕಳಿಗೆ ನೆನಪಿನ ಶಕ್ತಿ ಕಮ್ಮಿ ಅಂತ ಅಲ್ಲ, ಅವ್ರಿಗೆ ಪ್ಲೇ ಅಂದ್ರೆ ಓಡೋ ದಾರಿ ಅಂತ ಮಾತ್ರ ಗೊತ್ತು, ಆ ದಾರಿಗೆ ಒಬ್ಬ ಅಡ್ಡ ನಿಂತ್ರೆ ಮುಂದೇನು ಅಂತ ಯಾರೂ ಹೇಳಿಲ್ಲ. ಹಂಗಾಗಿ ಒಂದೊಂದು ಪ್ಲೇಗೂ ಅವನು ಹಿಂಗೆ ಮಾಡಿದ್ರೆ ನೀನು ಹಂಗೆ ಅನ್ನೋದು ಮೂರು ನಾಲ್ಕು ಇರ್ಬೇಕು, ಪ್ರಾಕ್ಟೀಸ್ ಟೈಮೆಲ್ಲಾ ಅದಕ್ಕೇ ಹೋಗ್ಬೇಕು.

ಮೊದ್ಲು ಜಾಗ. ಮೂರು ಪಾಯಿಂಟ್ ಲೈನಿಂದ ಒಂದು ಹೆಜ್ಜೆ ಹೊರಗೆ ಸುಣ್ಣದಲ್ಲಿ ಐದು ಗುಂಡು ಹಾಕಿ, ಮೇಲೆ ಮಧ್ಯ ಒಂದು, ಎರಡು ಪಕ್ಕದಲ್ಲಿ ಒಂದೊಂದು, ಅದೇ ವಿಂಗು, ಕೆಳಗೆ ಎರಡು ಮೂಲೇಲಿ ಒಂದೊಂದು, ಅದೇ ಕಾರ್ನರ್. ಒಬ್ಬನಿಂದ ಇನ್ನೊಬ್ಬನಿಗೆ ನಾಲ್ಕರಿಂದ ಐದು ಮೀಟರ್ ಇದ್ರೆ ಸಾಕು, ಅದಕ್ಕಿಂತ ಹತ್ರ ಬಂದ್ರೆ ಒಬ್ಬನೇ ಡಿಫೆಂಡರ್ ಇಬ್ಬರನ್ನ ನೋಡ್ಕೋತಾನೆ. ಕಾರ್ನರ್‌ದೊಂದು ವಿಷಯ ಇದೆ, ಅಂತರರಾಷ್ಟ್ರೀಯ ಸಂಸ್ಥೆ ಫೀಬಾದ ಅಳತೆಯಲ್ಲಿ ಮೂರು ಪಾಯಿಂಟ್ ಗೆರೆ ಮೇಲ್ಗಡೆ ರಿಂಗಿಂದ 6.75 ಮೀಟರ್, ಆದ್ರೆ ಕಾರ್ನರಲ್ಲಿ ಗೆರೆಗೂ ಸೈಡ್‌ಲೈನ್‌ಗೂ ಮಧ್ಯೆ ಬರೀ 90 ಸೆಂಟಿಮೀಟರ್. ಅಲ್ಲಿ ಹುಡುಗ ಬಾಲ್ ಹಿಡಿಯೋವಾಗ ಒಂದು ಹೆಜ್ಜೆ ಹಿಂದಿಟ್ಟ ಅಂದ್ರೆ ಔಟು, ರೆಫ್ರಿ ವಿಸಿಲ್. ಅದಕ್ಕೆ ಕಾರ್ನರಲ್ಲಿ ನಿಲ್ಲೋನು ಪಾಸ್ ಬರೋಕ್ ಮುಂಚೆನೇ ಪಾದ ಇಟ್ಟು ಮಂಡಿ ಬಗ್ಸಿ ರೆಡಿ ಇರ್ಬೇಕು, ಕೈ ಮೇಲೆ. ಇದನ್ನ ಹೇಳಿದ್ರೆ ಸಾಲಲ್ಲ, ಅಲ್ಲಿ ಎರಡು ಪಾದದ ಗುರುತೂ ಸುಣ್ಣದಲ್ಲೇ ಹಾಕಿಬಿಡಿ.

ಈ ಐದು ಗುಂಡಲ್ಲಿ ಮೊದಲ ವಾರ ಪ್ಲೇನೇ ಬೇಡ. ಪಾಸ್ ಮಾಡು, ರಿಂಗ್ ಕಡೆ ಕಟ್ ಮಾಡು, ಅಂದ್ರೆ ಚುರುಕಾಗಿ ನುಗ್ಗು, ಖಾಲಿಯಾದ ಗುಂಡಿಗೆ ಪಕ್ಕದವನು ಬರ್ಲಿ, ಅಷ್ಟೇ. ಎರಡು ದಿನ ಡಿಫೆನ್ಸ್ ಇಲ್ದೆ, ಆಮೇಲೆ ಮೂರಕ್ಕೆ ಮೂರು, ಡ್ರಿಬಲ್ ಇಲ್ಲ. ಡ್ರಿಬಲ್ ಇಲ್ಲದ ಮೂರಕ್ಕೆ ಮೂರು ನನಗೆ ಎಲ್ಲಾ ಡ್ರಿಲ್‌ಗಿಂತ ಇಷ್ಟ, ಯಾಕಂದ್ರೆ ಬಾಲ್ ಹಿಡ್ಕೊಂಡೋನು ತಪ್ಪಿಸ್ಕೊಳ್ಳೋಕಾಗಲ್ಲ, ಬಾಲ್ ಇಲ್ದೋರು ಓಡ್ಲೇಬೇಕು. ರೂಲ್ ಒಂದೇ, ಪಾಸ್ ಮಾಡಿ ನಿಂತ್ಕೊಂಡ್ರೆ ಬಾಲ್ ಎದುರು ಟೀಮ್‌ಗೆ. ಮೊದ್ಲು ಗಲಾಟೆ ಮಾಡ್ತಾರೆ, ಸರ್ ಇದು ಫುಟ್‌ಬಾಲಾ ಅಂತ ಕೇಳ್ತಾರೆ, ತಲೆ ಕೆಡಿಸ್ಕೋಬೇಡಿ. ಅಲ್ಲಿ ಬ್ಯಾಕ್‌ಡೋರ್ ತಾನಾಗೇ ಬರುತ್ತೆ, ಪಾಸ್ ಸಿಗದಂಗೆ ಡಿಫೆಂಡರ್ ಮುಂದೆ ಬಂದು ಕೈ ಅಡ್ಡ ಇಟ್ಟಾಗ ಹಿಂದಿಂದ ರಿಂಗ್‌ಗೆ ನುಗ್ಗೋದು. ಒಂದ್ಸಲ ಇದ್ರಿಂದ ಲೇಅಪ್, ಅಂದ್ರೆ ರಿಂಗ್ ಹತ್ರ ಓಡಿ ಬಂದು ಹಾಕೋ ಸುಲಭದ ಶಾಟ್, ಸಿಕ್ಕಿದ್ರೆ ಮಕ್ಕಳೇ ಹುಡುಕ್ತಾರೆ. 1996ರಲ್ಲಿ ಅಮೆರಿಕದ ಕಾಲೇಜ್ ಟೂರ್ನಮೆಂಟಲ್ಲಿ ಪೀಟ್ ಕ್ಯಾರಿಲ್ ಅವರ ಪ್ರಿನ್ಸ್‌ಟನ್ ಹುಡುಗ್ರು ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎನ 43-41ರಲ್ಲಿ ಸೋಲ್ಸಿದ್ದು ಇದೇ ಕಟ್‌ನಿಂದ, ಕೊನೆ ಲೇಅಪ್ ಬಿದ್ದಾಗ 3.9 ಸೆಕೆಂಡ್ ಇತ್ತು. ಎತ್ತರದಲ್ಲಾಗ್ಲಿ ಓಟದಲ್ಲಾಗ್ಲಿ ಅವ್ರು ಯುಸಿಎಲ್‌ಎ ಹತ್ರಕ್ಕೂ ಬರ್ತಿರ್ಲಿಲ್ಲ. ವಿಡಿಯೋ ಸಿಗುತ್ತೆ, ಮಕ್ಕಳಿಗೆ ತೋರ್ಸಿ.

ಈಗ ಹಾಫ್ ಕೋರ್ಟ್ ಪ್ಲೇ. ಹಾರ್ನ್ಸ್ ಹಾಕಿ ಸರ್. ಪಾಯಿಂಟ್ ಗಾರ್ಡ್, ಅಂದ್ರೆ ಬಾಲ್ ತಂದು ಆಟ ಶುರು ಮಾಡೋನು, ಮೇಲೆ ಮಧ್ಯದಲ್ಲಿ, ಎತ್ತರದ ಇಬ್ರು ಫ್ರೀ ಥ್ರೋ ಲೈನ್‌ನ ಎರಡು ಮೂಲೇಲಿ, ಅದೇ ಎಲ್ಬೋ ಅಂತೀವಲ್ಲ ಅಲ್ಲಿ, ಶೂಟ್ ಮಾಡೋ ಇಬ್ರು ಕಾರ್ನರಲ್ಲಿ. ಇದ್ರಲ್ಲಿ ಒಳ್ಳೇದೇನು ಅಂದ್ರೆ ರಿಂಗ್ ಹತ್ರ ಯಾರೂ ಇರಲ್ಲ, ಅಂದ್ರೆ ಅವ್ರ ಡಿಫೆಂಡರೂ ಇರಲ್ಲ, ರಿಂಗ್ ಮುಂದಿನ ಚೌಕದಲ್ಲಿ ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲಂಗಿಲ್ಲ ಅನ್ನೋ ರೂಲ್ ತಲೆನೋವೂ ಇಲ್ಲ, ಎಡ ಬಲ ಎರಡೂ ಕಡೆ ಒಂದೇ ಥರ ಇರೋದ್ರಿಂದ ಒಂದು ಕಲಿತ್ರೆ ಎರಡು ಬಂದಂಗೆ.

ವಿಡಿಯೋದಲ್ಲೆಲ್ಲಾ ಹಾರ್ನ್ಸಿಂದ ನೇರ ಪಿಕ್ ಅಂಡ್ ರೋಲ್‌ಗೆ ಹೋಗ್ತಾರೆ, ಅಂದ್ರೆ ಒಬ್ಬ ಬಂದು ಡಿಫೆಂಡರ್‌ಗೆ ಅಡ್ಡ ನಿಂತು ಆಮೇಲೆ ರಿಂಗ್ ಕಡೆ ತಿರುಗಿ ಓಡೋದು. ಹೈಸ್ಕೂಲಲ್ಲಿ ಅದನ್ನ ಎರಡನೇ ಹಂತಕ್ಕಿಡಿ, ಡ್ರಿಬಲ್ ಮಾಡ್ತಾ ಇಬ್ರು ಡಿಫೆಂಡರ್ ಮಧ್ಯೆ ಪಾಸ್ ಹಾಕೋಕೆ ಕೈಗೆ ಬಲ ಬೇಕು, ಕಣ್ಣು ಮೇಲಿರ್ಬೇಕು, ಹದಿನಾಲ್ಕು ವರ್ಷದೋರಲ್ಲಿ ಒಬ್ಬಿಬ್ಬರಿಗೆ ಬರುತ್ತೆ. ಮೊದ್ಲು ಎಲ್ಬೋಗೆ ಪಾಸ್ ಮಾಡ್ಸಿ. ಬಲ ಎಲ್ಬೋಗೆ ಬಾಲ್ ಹೋಯ್ತು ಅಂತಿಟ್ಕೊಳಿ, ಹಿಡಿದೋನು ರಿಂಗ್ ಕಡೆ ತಿರುಗಿ ಬಾಲ್‌ನ ಗಲ್ಲದ ಕೆಳಗೆ ಮೊಣಕೈ ಅಗಲಿಸಿ ಹಿಡೀಬೇಕು, ಪಾಯಿಂಟ್ ಗಾರ್ಡ್ ಅವನ ಪಕ್ಕದಿಂದ ಉಜ್ಕೊಂಡು ರಿಂಗ್‌ಗೆ ಕಟ್ ಮಾಡ್ಬೇಕು. ಅದಕ್ಕೆ ಪಾಸ್ ಸಿಕ್ಕಿದ್ರೆ ಲೇಅಪ್. ಸಿಗ್ಲಿಲ್ಲ ಅಂದ್ರೆ ಅವನು ರಿಂಗ್ ಕೆಳಗೆ ನಿಲ್ಲದೆ ಎಡ ಕಾರ್ನರ್ ಕಡೆ ಹೊರಟು ಹೋಗ್ಬೇಕು. ಆ ಹೊತ್ತಿಗೆ ಬಲ ಕಾರ್ನರಿನ ಹುಡುಗ ಬಾಲ್ ಕಡೆ ಮೇಲಕ್ಕೆ ಓಡಿ ಬರ್ತಾನೆ, ಕೈಯಿಂದ ಕೈಗೆ ಬಾಲ್ ತಗೊಂಡು ಒಳಗೆ ನುಗ್ಗೋಕೆ. ಅವನ ಡಿಫೆಂಡರ್ ಮುಂದೆ ಹಾರಿ ಅಡ್ಡ ಬಂದ್ರೆ ಮೇಲೆ ಬರೋದು ಬಿಟ್ಟು ಬೇಸ್‌ಲೈನ್ ಕಡೆಯಿಂದ ಬ್ಯಾಕ್‌ಡೋರ್. ಇನ್ನೊಂದು ಕಡೆ ಎಡ ಎಲ್ಬೋದವನು ಕೆಳಗಿಳಿದು ಎಡ ಕಾರ್ನರಿನವನಿಗೆ ಸ್ಕ್ರೀನ್ ಹಾಕ್ತಾನೆ, ಅಂದ್ರೆ ಅವನ ಡಿಫೆಂಡರ್‌ಗೆ ಮೈ ಅಡ್ಡ ಇಟ್ಟು ನಿಲ್ತಾನೆ, ಕಾರ್ನರಿನವನು ಮೇಲೆ ಬರ್ತಾನೆ, ಬಾಲ್ ತಿರುಗಿಸೋಕೆ ಜಾಗ ಆಯ್ತು. ಇಷ್ಟೇ ಪ್ಲೇ. ಕಾಗದದ ಮೇಲೆ ಬರೆದ್ರೆ ಅರ್ಧ ಪುಟ ಇಲ್ಲ, ಇದನ್ನ ಮಾಡ್ಸೋಕೆ ಎರಡು ತಿಂಗಳು ಬೇಕು.

ಇದು ಕೂತ್ಮೇಲೆ ಅದೇ ಜಾಗದಿಂದ ಪಿಕ್ ಅಂಡ್ ರೋಲ್ ಸೇರ್ಸಿ. ಎಲ್ಬೋದವನು ಮೇಲೆ ಬಂದು ಗಾರ್ಡ್‌ಗೆ ಸ್ಕ್ರೀನ್ ಹಾಕ್ತಾನೆ. ಗಾರ್ಡ್‌ನ ಡಿಫೆಂಡರ್ ಸ್ಕ್ರೀನ್ ಕೆಳಗಿಂದ ನುಸುಳಿದ್ರೆ ಅಲ್ಲೇ ಶೂಟ್, ಮೇಲಿಂದ ಅಟ್ಟಿಸ್ಕೊಂಡು ಬಂದ್ರೆ ಒಳಗೆ ನುಗ್ಗು, ದೊಡ್ಡವನು ಅಡ್ಡ ಬಂದ್ರೆ ರೋಲ್ ಆಗ್ತಿರೋನಿಗೆ ಪಾಸು, ಕಾರ್ನರ್ ಡಿಫೆಂಡರ್ ಒಳಗೆ ಬಂದ್ರೆ ಕಾರ್ನರ್‌ಗೆ. ಸ್ಕ್ರೀನ್ ಹಾಕೋವಾಗ ಅಲ್ಲಾಡಿದ್ರೆ ಫೌಲು, ಸೊಂಟ ಚಾಚಿದ್ರೂ ಫೌಲು, ಡಿಫೆಂಡರ್‌ಗೆ ಕಾಣದಂಗೆ ಹಿಂದಿಂದ ಹಾಕ್ತಿದ್ರೆ ಒಂದು ಹೆಜ್ಜೆ ಜಾಗ ಬಿಡ್ಲೇಬೇಕು. ತಾಲ್ಲೂಕು ಮಟ್ಟದಲ್ಲಿ ರೆಫ್ರಿಗಳು ಒಂದೊಂದ್ಸಲ ಬಿಡ್ತಾರೆ, ಜಿಲ್ಲೆಗೆ ಹೋದ್ರೆ ಹಿಡೀತಾರೆ, ಅದಕ್ಕೆ ಈಗ್ಲೇ ಕೈ ಎದೆಗೆ ಕಟ್ಕೊಂಡು ಪಾದ ಊರಿ ನಿಲ್ಲೋದು ಅಭ್ಯಾಸ ಆಗ್ಲಿ.

ಮರೀತಾರೆ ಅಂದ್ರಲ್ಲ, ಅದಕ್ಕೆ ನಾನು ಮಾಡೋ ಡ್ರಿಲ್ ಇದು. ಐದಕ್ಕೆ ಐದು ನಿಲ್ಸಿ, ನೀವು ಆಫೆನ್ಸ್ ಬೆನ್ನ ಹಿಂದೆ ಸೆಂಟರ್ ಲೈನ್ ಹತ್ರ ನಿಂತ್ಕೊಳಿ, ಡಿಫೆನ್ಸ್‌ನವರಿಗೆ ಮಾತ್ರ ನೀವು ಕಾಣ್ಬೇಕು. ಒಂದು ಬೆರಳು ತೋರ್ಸಿದ್ರೆ ಎಲ್ಬೋ ಪಾಸ್ ಬಿಡಿ ಆದ್ರೆ ಕಟ್ ತಡೀರಿ, ಎರಡು ಬೆರಳು ಅಂದ್ರೆ ಕಾರ್ನರಿನವನಿಗೆ ಬಾಲ್ ಸಿಗ್ಬಾರ್ದು, ಮುಷ್ಟಿ ಅಂದ್ರೆ ಎಲ್ಬೋ ಪಾಸ್‌ನೇ ಬಿಡ್ಬೇಡಿ. ಆಫೆನ್ಸ್‌ಗೆ ಏನ್ ಬರುತ್ತೆ ಅಂತ ಗೊತ್ತಿರಲ್ಲ, ನೋಡಿ ಆಡ್ಬೇಕು. ಡಿಫೆಂಡರ್ ಕೊಟ್ಟಿದ್ದನ್ನ ನೋಡಿ ಹಾಕಿದ ಬ್ಯಾಸ್ಕೆಟ್‌ಗೆ ಎರಡು ಪಾಯಿಂಟು, ಸುಮ್ನೆ ಪ್ಲೇ ಓಡಿ ಗಡಿಬಿಡೀಲಿ ಹಾಕಿದ್ರೆ ಒಂದು. ಐದು ಸರ್ತಿಗೊಮ್ಮೆ ಟೀಮ್ ಬದಲಾಯ್ಸಿ, ಸೋತೋರು ಒಂದು ರೌಂಡ್ ಓಡ್ಲಿ. ಮೊದಲ ಸಲ ಮುಷ್ಟಿ ತೋರ್ಸಿದಾಗ ಗಾರ್ಡ್ ಬಾಲ್ ಹಿಡ್ಕೊಂಡು ನಿಮ್ಮನ್ನೇ ತಿರುಗಿ ನೋಡ್ತಾನೆ, ಉತ್ತರ ಹೇಳ್ಬೇಡಿ. ಡಿಫೆಂಡರ್ ಒಂದು ಮೀಟರ್ ಒಳಗೆ ಬಂದು ನಿಂತಿದ್ರೆ ಬಾಲ್ ಕೈಲಿ ಹಿಡ್ಕೊಂಡು ಐದು ಸೆಕೆಂಡ್‌ಗಿಂತ ಜಾಸ್ತಿ ಇರಂಗಿಲ್ಲ ಅಂತ ರೂಲೇ ಇದೆ, ಜೋರಾಗಿ ಎಣಿಸ್ತಾ ಇರಿ, ಏನಾದ್ರೂ ಮಾಡ್ತಾನೆ. ನಿಧಾನಕ್ಕೆ ಎಲ್ಬೋದವನೇ ಬ್ಯಾಕ್‌ಡೋರ್ ಹೋಗೋದು ಕಲೀತಾನೆ.

ಇನ್ನು ಬೇಸ್‌ಲೈನ್ ಪ್ಲೇ, ಬಾಕ್ಸ್. ರಿಂಗ್ ಪಕ್ಕದ ಎರಡು ಬ್ಲಾಕಲ್ಲಿ ಇಬ್ರು, ಎರಡು ಎಲ್ಬೋಲಿ ಇಬ್ರು. ಬಾಲ್ ಕಡೆ ಕೆಳಗೆ ನಿಮ್ಮ ಒಳ್ಳೆ ಶೂಟರ್‌ನ ನಿಲ್ಸಿ, ಅವನ ಎದುರು ಕರ್ಣದ ಎಲ್ಬೋಲಿ ಎಲ್ಲರಿಗಿಂತ ಎತ್ತರದವನು. ಶೂಟರ್ ಓರೆಯಾಗಿ ಮೇಲೆ ಹೋಗಿ ಎತ್ತರದವನ ಡಿಫೆಂಡರ್‌ಗೆ ಹಿಂದಿಂದ ಸ್ಕ್ರೀನ್ ಹಾಕ್ತಾನೆ, ಎತ್ತರದವನು ರಿಂಗ್‌ಗೆ ಇಳೀತಾನೆ. ಎಷ್ಟೋ ಸಲ ಅಲ್ಲೇ ಸಿಗುತ್ತೆ. ಶೂಟರ್‌ನ ನೋಡ್ಕೋತಿರೋನು ಎತ್ತರದವನನ್ನ ತಡೆಯೋಕೆ ಓಡಿದ್ರೆ ಇನ್ನೊಂದು ಎಲ್ಬೋದವನು ಬಂದು ಶೂಟರ್‌ಗೆ ಸ್ಕ್ರೀನ್ ಹಾಕ್ತಾನೆ, ಶೂಟರ್ ವಿಂಗ್ ಕಡೆ ಖಾಲಿ ಬರ್ತಾನೆ. ನಾಲ್ಕನೆಯವನು ಹಿಂದಕ್ಕೆ ಸೆಂಟರ್ ಕಡೆ ಹೋಗ್ಲಿ, ಏನೂ ಸಿಗ್ದಿದ್ರೆ ಅವನಿಗೆ ಹಾಕ್ಬಹುದು, ಬಾಲ್ ಹೋದ್ರೆ ಎದುರಿನವ್ರು ತಕ್ಷಣ ಓಡೋ ಫಾಸ್ಟ್ ಬ್ರೇಕ್ ತಡಿಯೋಕೂ ಒಬ್ಬ ಇದ್ದಂಗಾಯ್ತು. ಬಾಲ್ ಹಾಕೋನಿಗೆ ಐದೇ ಸೆಕೆಂಡು, ಅಕ್ಕಪಕ್ಕ ಒಟ್ಟು ಒಂದು ಮೀಟರ್‌ಗಿಂತ ಸರಿಯಂಗಿಲ್ಲ, ಬಾಲ್ ಬಿಟ್ಟ ತಕ್ಷಣ ಅವನೂ ಒಳಗೆ ಬರ್ಬೇಕು, ಅವನನ್ನ ನೋಡ್ಕೊಳ್ಳೋನು ಬಾಲ್ ಕಡೆ ತಲೆ ತಿರುಗಿಸಿರ್ತಾನೆ, ಸುಲಭದ ಲೇಅಪ್ ಅದು.

ಎದುರಿನವ್ರು 2-3 ಝೋನ್, ಅಂದ್ರೆ ಮುಂದೆ ಇಬ್ರು ಹಿಂದೆ ಮೂರು ಜನ ನಿಂತು ಜಾಗ ಕಾಯೋ ಡಿಫೆನ್ಸ್, ಹಾಕಿದ್ರೆ ಸ್ಕ್ರೀನು ಕಟ್ಟು ಎಲ್ಲಾ ಕಡಿಮೆ ಮಾಡಿ, ಒಬ್ಬ ಎಲ್ಬೋದವನನ್ನ ಫ್ರೀ ಥ್ರೋ ಲೈನ್ ನಟ್ಟನಡುವೆ ನಿಲ್ಸಿ, ಇನ್ನೊಬ್ಬನ್ನ ಬೇಸ್‌ಲೈನ್‌ಗೆ ಬಿಡಿ, ಕಾರ್ನರಿನವ್ರು ವಿಂಗ್‌ಗೆ, ಅದೇ 1-3-1 ಆಯ್ತು. ಮಧ್ಯಕ್ಕೆ ಬಾಲ್ ಹೋದ್ರೆ ಝೋನ್ ಕುಗ್ಗುತ್ತೆ, ಅಲ್ಲಿಂದ ಹೊರಗೆ. ಪ್ರೆಸ್, ಅಂದ್ರೆ ಕೋರ್ಟ್ ಪೂರ್ತಿ ಮೈಮೇಲೆ ಬಿದ್ದು ಒತ್ತಡ ಹಾಕೋ ಡಿಫೆನ್ಸ್, ಅದರ ವಿಷಯ ಇಲ್ಲಿ ಎಳೆಯಲ್ಲ, ಅದು ಬೇರೆನೇ ಪೋಸ್ಟ್ ಆಗುತ್ತೆ.

ಒಂದೂವರೆ ಗಂಟೆ ಹಂಚೋದು ನಿಮ್ಮಿಷ್ಟ, ನಾನಾಗಿದ್ರೆ ಬರೀ ಸಾಲಲ್ಲಿ ನಿಲ್ಸಿ ಲೇಅಪ್ ಮಾಡ್ಸೋದನ್ನ ಹತ್ತು ನಿಮಿಷಕ್ಕಿಂತ ಜಾಸ್ತಿ ಇಡಲ್ಲ, ಹದಿನಾಲ್ಕು ಜನ ಒಂದು ರಿಂಗ್‌ಗೆ ಸಾಲು ನಿಂತ್ರೆ ಒಬ್ಬೊಬ್ಬನಿಗೆ ಬಾಲ್ ಸಿಗೋದೇ ಅಪರೂಪ. ಎತ್ತರದವ್ರಿಗೆ ಮೈಕನ್ ಡ್ರಿಲ್ ದಿನಾ ಮಾಡ್ಸಿ, ರಿಂಗ್ ಕೆಳಗೆ ನಿಂತು ಬಲಗೈಲೊಂದು ಎಡಗೈಲೊಂದು, ಬಾಲ್‌ನ ಗಲ್ಲದಿಂದ ಕೆಳಗಿಳಿಸ್ದಂಗೆ. ಗಾರ್ಡ್‌ಗಳಿಗೆ ಅದೇ ಹೊತ್ತಲ್ಲಿ ಇನ್ನೊಂದು ರಿಂಗಲ್ಲಿ ಮೂರಕ್ಕೆ ಎರಡು, ಅದು ಮುಗಿದ ತಕ್ಷಣ ಶೂಟ್ ಮಾಡಿದೋನು ಡಿಫೆನ್ಸ್‌ಗೆ ಓಡ್ಬೇಕು, ಆ ಇಬ್ರು ಡಿಫೆಂಡರ್ ಈಗ ಆಫೆನ್ಸ್, ಎರಡಕ್ಕೆ ಒಂದು. ಕೊನೇ ಇಪ್ಪತ್ತು ನಿಮಿಷ ಐದಕ್ಕೆ ಐದು, ಮ್ಯಾಚಲ್ಲಿ ಶೂಟ್ ಮಾಡೋಕೆ 24 ಸೆಕೆಂಡ್ ಇದ್ರೂ ನೀವು 14 ಎಣಿಸಿ. ಎಷ್ಟೋ ಸ್ಕೂಲ್ ಟೂರ್ನಮೆಂಟಲ್ಲಿ ಶಾಟ್ ಕ್ಲಾಕ್ ಇರೋದೇ ಇಲ್ಲ, ಆದ್ರೂ ಎಣಿಸಿ, ಆಫೆನ್ಸಿವ್ ರಿಬೌಂಡ್ ತಗೊಂಡ್ರೆ ಫೀಬಾ ರೂಲಲ್ಲಿ ಸಿಗೋದೂ 14 ತಾನೆ.

ಪ್ಲೇಗೆ ಹಾರ್ನ್ಸ್, ಬಾಕ್ಸ್ ಅಂತ ಕೂಗ್ಬೇಡಿ, ಎದುರು ಕೋಚ್‌ಗೂ ಗೊತ್ತಿರುತ್ತೆ. ಹಾರ್ನ್ಸ್‌ಗೆ ಮಂಡ್ಯ, ಬಾಕ್ಸ್‌ಗೆ ಹಾಸನ ಅಂತ ಏನಾದ್ರೂ ಇಡಿ, ಮಕ್ಕಳ ಕೈಲೇ ಇಡ್ಸಿದ್ರೆ ಇನ್ನೂ ಒಳ್ಳೇದು, ಅವ್ರಿಟ್ಟ ಹೆಸರು ಅವ್ರು ಮರೆಯಲ್ಲ.

ಈ ವಾರ ಡ್ರಿಬಲ್ ಇಲ್ಲದ ಮೂರಕ್ಕೆ ಮೂರು ಆಡ್ಸಿ ಒಂದು ಐದು ನಿಮಿಷ ವಿಡಿಯೋ ಹಾಕಿ ಸರ್. ಸೈಡಿಂದ ತೆಗೀಬೇಡಿ, ಬೋರ್ಡ್ ಹಿಂದೆ ಸ್ವಲ್ಪ ಎತ್ತರದಿಂದ, ಫಸ್ಟ್ ಫ್ಲೋರ್ ಕಿಟಕಿ ಇದ್ರೆ ಅಲ್ಲಿಂದ, ಫೋನ್ ಅಡ್ಡ ಹಿಡಿದು. ಮೂರೂ ಜನರ ಮಧ್ಯೆ ಎಷ್ಟು ಜಾಗ ಇದೆ ಅಂತ ಅದ್ರಲ್ಲಿ ಕಾಣುತ್ತೆ, ಅದನ್ನ ನೋಡಿ ಎಲ್ಬೋಲಿ ಯಾರನ್ನ ನಿಲ್ಸ್‌ಬೇಕು ಅಂತ ಮಾತಾಡೋಣ.