ಮೂರು ಕಥೆಗೆ ಒಂದೇ ಅಂಕ ಬೇಡ, ಪೆನ್ಸಿಲರ್‌ನನ್ನು ಸುಮ್ನೆ ಬೈಯುವುದೂ ಬೇಡ

ಮೂರು ಕಥೆಗಳಿರುವ ಸೂಪರ್‌ಹೀರೋ ಕಾಮಿಕ್ಸ್ ಸ್ಪೆಷಲ್ ಇಶ್ಯೂ (ಸಂಚಿಕೆ) ಓದಿ "ಕಥೆ ಪರವಾಗಿಲ್ಲ, ಆರ್ಟ್ ಕಳಪೆ, ಹತ್ತಕ್ಕೆ ಐದು" ಅಂತ ಹಾಕಿದ್ದೀರಿ. ಪೆನ್ಸಿಲರ್‌ಗೆ, ಅಂದರೆ ಮೊದಲು ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸುವವರಿಗೆ, ಮುಖ ಬಿಡಿಸೋಕೇ ಬರಲ್ಲ ಅಂತಲೂ ಸೇರಿಸಿದ್ದೀರಿ. ನೀವೇ ಹಾಕಿದ ಫೋಟೋದಲ್ಲಿ ಮೂರು ಕಥೆಗೆ ಮೂರು ಬೇರೆ ತಂಡದ ಹೆಸರಿದೆ, ನೋಡಿ. ನಾನೂ ಹಿಂದೆ ಇದೇ ತಪ್ಪು ಮಾಡಿದ್ದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಗ ಒಂದು ಇಶ್ಯೂನಲ್ಲಿ ಮುಖಗಳೆಲ್ಲ ಮಣ್ಣು ಮೆತ್ತಿದ ಹಾಗೆ ಕಾಣುತ್ತಿದ್ದವು. ಕಣ್ಣಿನ ಸುತ್ತ ಕಪ್ಪು, ಕೆನ್ನೆಯ ಮೇಲೆ ಎಣ್ಣೆ ಹಚ್ಚಿದಂಥ ಹೊಳಪು, ಹಿನ್ನೆಲೆ ಪೂರ್ತಿ ಕಂದು. ಪೆನ್ಸಿಲರ್ ಹೆಸರು ಹಿಡಿದು ಎರಡು ಪುಟ ಬೈದು ಬರೆದೆ. ಒಂದು ವರ್ಷದ ಮೇಲೆ ಅದೇ ಕಥೆಯ ಸಂಗ್ರಹ ಕೈಗೆ ಬಂತು. ಕೊನೆಯ ಪುಟಗಳಲ್ಲಿ ಇಂಕ್ ಆಗದ, ಬಣ್ಣ ಬೀಳದ ಪೆನ್ಸಿಲ್ ಹಾಳೆಗಳಿದ್ದವು. ಒಂದೊಂದು ಗೆರೆಯೂ ಸ್ಪಷ್ಟ. ಒಂದು ಹುಬ್ಬು ಎತ್ತಿದ್ದರಲ್ಲೇ ಅನುಮಾನ ಎದ್ದು ಕಾಣುತ್ತಿತ್ತು. ಅದನ್ನೆಲ್ಲ ಮೇಲಿನ ಬಣ್ಣ ನುಂಗಿ ಹಾಕಿತ್ತು. ನಾನು ಬೈದದ್ದು ತಪ್ಪು ಮನುಷ್ಯನನ್ನು. ಬರಹ ತೆಗೆದು ಹಾಕಿದೆ. ಆದರೆ ಓದಿದವರ ತಲೆಯಿಂದ ತೆಗೆಯೋಕಾಗುತ್ತಾ?

ಹಾಗಾಗಿ ಮೊದಲು ಕ್ರೆಡಿಟ್ ಬಾಕ್ಸ್, ಅಂದರೆ ಕಥೆ ಮಾಡಿದವರ ಹೆಸರಿರುವ ಚೌಕ. ಪೆನ್ಸಿಲ್ ಯಾರು, ಇಂಕ್ ಯಾರು, ಕಲರ್ ಯಾರು, ಅರ್ಧದಲ್ಲಿ ಫಿಲ್-ಇನ್ ಆರ್ಟಿಸ್ಟ್ (ಬದಲಿಗೆ ಬಿಡಿಸುವವರು) ಬಂದಿದ್ದಾರಾ, ಎಲ್ಲ ನೋಡಿ. ಇಂಕರ್ ಅಂದರೆ ಗೆರೆಯ ಮೇಲೆ ಗೆರೆ ಎಳೆಯುವವರು ಅಷ್ಟೇ ಅಂದುಕೊಳ್ಳಬೇಡಿ. 1965ರಲ್ಲಿ ಮಾರ್ವೆಲ್ ಕಂಪನಿಯ ಫೆಂಟಾಸ್ಟಿಕ್ ಫೋರ್ ಕಾಮಿಕ್ಸ್‌ನ 44ನೇ ಇಶ್ಯೂನಿಂದ ಜ್ಯಾಕ್ ಕರ್ಬಿಯ ಪೆನ್ಸಿಲ್‌ಗೆ ಜೋ ಸಿನೊಟ್ ಕಾಯಂ ಇಂಕರ್ ಆದರು. ಅದಕ್ಕೆ ಮುಂಚಿನ ಇಶ್ಯೂಗಳ ಪಕ್ಕ ಇಟ್ಟು ನೋಡಿ. ಅದೇ ಕರ್ಬಿ, ಆದರೆ ಲೋಹ ಲೋಹದ ಹಾಗೆ ಮಿನುಗುತ್ತದೆ. ಬಣ್ಣಕ್ಕೆ ಉದಾಹರಣೆ ಬೇಕಾದರೆ ಬ್ಯಾಟ್‌ಮ್ಯಾನ್ ಕಾಮಿಕ್ಸ್ ಕಿಲ್ಲಿಂಗ್ ಜೋಕ್. 1988ರಲ್ಲಿ ಅದಕ್ಕೆ ಬಣ್ಣ ಹಾಕಿದ್ದು ಜಾನ್ ಹಿಗಿನ್ಸ್. 2008ರ ಆವೃತ್ತಿಗೆ ಆರ್ಟಿಸ್ಟ್ ಬ್ರಯಾನ್ ಬೊಲ್ಲಂಡ್ ತಾವೇ ಹೊಸದಾಗಿ ಬಣ್ಣ ಹಾಕಿದರು. ಹಳೆಯದರಲ್ಲಿ ಕಣ್ಣಿಗೆ ಹೊಡೆಯುವ ಬಣ್ಣಗಳು, ಹೊಸದರಲ್ಲಿ ತಣ್ಣಗಿನ ಬಣ್ಣಗಳು. ಕಥೆ ಅದೇ, ಓದುವ ಅನುಭವ ಬೇರೆ. ಆದ್ದರಿಂದ ಯಾವ ಆವೃತ್ತಿ ಓದಿದಿರಿ ಅಂತ ಬರೆಯದೆ ಬಣ್ಣದ ಬಗ್ಗೆ ಮಾತಾಡಲೇಬೇಡಿ.

ಈಗ ನನಗೆ ಸರಿಹೋದ ವಿಧಾನ. ಮೊದಲ ಸಲ ಸುಮ್ನೆ ಖುಷಿಗೆ ಓದುತ್ತೇನೆ. ಮಾರನೇ ದಿನ ಮಾತಿನ ಬಲೂನ್ ಮತ್ತು ಕ್ಯಾಪ್ಶನ್‌ಗಳ (ನಿರೂಪಣೆಯ ಸಾಲುಗಳ) ಮೇಲೆ ಸಣ್ಣ ಖಾಲಿ ಚೀಟಿ ಇಟ್ಟು ಬರೀ ಚಿತ್ರ ನೋಡುತ್ತೇನೆ. ಯಾರು ಎಲ್ಲಿ ನಿಂತಿದ್ದಾರೆ? ಏಟು ಯಾರಿಗೆ ಬಿತ್ತು? ಈ ಪ್ಯಾನೆಲ್ (ಚಿತ್ರದ ಚೌಕ) ಬಿಟ್ಟ ಕಣ್ಣು ತಾನಾಗಿಯೇ ಮುಂದಿನ ಪ್ಯಾನೆಲ್‌ಗೆ ಹೋಗುತ್ತಾ? ಹೀರೋ ಎಡದಿಂದ ಬಲಕ್ಕೆ ಓಡುತ್ತಿದ್ದವನು ಮುಂದಿನ ಚೌಕದಲ್ಲಿ ಕಾರಣವಿಲ್ಲದೆ ಬಲದಿಂದ ಎಡಕ್ಕೆ ಓಡಿದರೆ ನನ್ನ ಕಣ್ಣು ಅಲ್ಲೇ ಎಡವುತ್ತದೆ. ಎಡವಿದ ಕಡೆಯಲ್ಲೆಲ್ಲ ಪುಟದ ನಂಬರ್ ಬೇರೆ ಹಾಳೆಯಲ್ಲಿ ಬರೆದಿಡುತ್ತೇನೆ. ಚಂದದ ಗೆರೆಯ ಆರ್ಟಿಸ್ಟ್ ಇಲ್ಲಿ ಎಷ್ಟು ಸಲ ಸಿಕ್ಕಿಬಿದ್ದಿದ್ದಾರೆ ಗೊತ್ತಾ! ಪೋಸ್ಟರ್ ಥರದ ಪೋಸ್ ಅದ್ಭುತ, ಆದರೆ ಹೊಡೆದಾಟ ಅರ್ಥವೇ ಆಗಲ್ಲ. ಒರಟು ಗೆರೆಯ ಎಷ್ಟೋ ಜನ ಮಾತೇ ಇಲ್ಲದೆ ಇಡೀ ಕಥೆ ಹೇಳಿಬಿಡುತ್ತಾರೆ.

ಚೀಟಿ ಅಂದರೆ ಅಂಟಿಲ್ಲದ ಚೀಟಿ. ಹಳೆಯ ನ್ಯೂಸ್‌ಪ್ರಿಂಟ್ ಮೇಲೆ ಸ್ಟಿಕಿ ನೋಟ್ ಅಂಟಿಸಿದರೆ ಪುಟ ಹಾಳಾದೀತು. ಡಿಜಿಟಲ್ ಆದರೆ ಅಕ್ಷರ ಓದೋಕೆ ಆಗದಷ್ಟು ಪುಟ ಚಿಕ್ಕದು ಮಾಡಿಕೊಳ್ಳಿ, ಸಾಕು. ಇಬ್ಬರು ಕೂತು ಮಾತಾಡುವ ಇಶ್ಯೂಗಳಲ್ಲಿ ಕಥೆ ಪೂರ್ತಿ ಸಿಗಲ್ಲ, ನಿಜ. ಆದರೂ ಯಾರಿಗೆ ಕೋಪ, ಯಾರು ಸುಳ್ಳು ಹೇಳುತ್ತಿದ್ದಾರೆ ಅನ್ನುವುದು ಮುಖದಲ್ಲಿ ಕಾಣಬೇಕು.

ಆಮೇಲೆ ಉಲ್ಟಾ, ಬರೀ ಮಾತು ಓದಿ. ಚಿತ್ರದಲ್ಲಿ ಅವನು ಗೋಡೆ ಒಡೆಯುತ್ತಿದ್ದಾನೆ, ಕ್ಯಾಪ್ಶನ್ ಕೂಡ "ಗೋಡೆ ಒಡೆದ" ಅನ್ನುತ್ತದೆ ಅಂದರೆ ಒಂದು ದಂಡ. ಹಾಗಂತ ಕಥೆಯ ಲೆಕ್ಕವನ್ನೆಲ್ಲ ರೈಟರ್ ಖಾತೆಗೆ ಬರೆಯಬೇಡಿ. ಮಾರ್ವೆಲ್ ವಿಧಾನದಲ್ಲಿ ಆರ್ಟಿಸ್ಟ್ ಒಂದು ಸಣ್ಣ ಸಾರಾಂಶ ಇಟ್ಟುಕೊಂಡು ಪುಟಗಳನ್ನು ಬಿಡಿಸುತ್ತಿದ್ದರು, ಮಾತು ಆಮೇಲೆ ಸೇರುತ್ತಿತ್ತು. ಅಲ್ಲಿ ಕಥೆಯ ಓಟ ಆರ್ಟಿಸ್ಟ್‌ನದ್ದೂ ಹೌದು.

ಒಂದೇ ಅಂಕದ ವಿಷಯ. 1962ರ ಅಮೇಜಿಂಗ್ ಫ್ಯಾಂಟಸಿ 15 ತಗೊಳ್ಳಿ. ಸ್ಪೈಡರ್‌ಮ್ಯಾನ್ ಕಥೆ ಬರೀ 11 ಪುಟ. ಜೊತೆಗೆ ಬೇರೆ ಮೂರು ಪುಟ್ಟ ಕಥೆಗಳಿವೆ, ಅವೂ ಸ್ಟೀವ್ ಡಿಟ್ಕೋ ಚಿತ್ರಗಳೇ. ಎಲ್ಲಕ್ಕೂ ಸೇರಿಸಿ ಒಂದು ಅಂಕ ಕೊಟ್ಟರೆ ಯಾರಿಗೆ ಏನು ತಿಳಿಯುತ್ತದೆ? ಕವರ್ ಪೆನ್ಸಿಲ್ ಮಾತ್ರ ಕರ್ಬಿಯದು, ಇಂಕ್ ಡಿಟ್ಕೋದು. ಕವರ್ ಮೇಲೆ ಕಟ್ಟುಮಸ್ತಾದ ಹೀರೋ, ಒಳಗೆ ಸಣಕಲು ಹುಡುಗ. ಕವರ್ ನೋಡಿ ಒಳಗಿನ ಆರ್ಟ್ ಅಳೆಯಬಾರದು ಅನ್ನೋದಕ್ಕೆ ಇದಕ್ಕಿಂತ ಬೇಕಾ? ಬ್ಯಾಕಪ್ ಕಥೆಗೆ, ಅಂದರೆ ಮುಖ್ಯ ಕಥೆಯ ಜೊತೆ ಬರುವ ಪುಟ್ಟ ಕಥೆಗೆ, ಅಳತೆಗೋಲೇ ಬೇರೆ. ಎಂಟು ಪುಟದಲ್ಲಿ ವಿಲನ್‌ನ ಬಾಲ್ಯ ಕೇಳಬೇಡಿ. ಒಂದೇ ಸಂಗತಿ ಹಿಡಿದು ಚೆನ್ನಾಗಿ ಮುಗಿಸಿದ್ದಾರಾ ಅಂತ ಮಾತ್ರ ನೋಡಿ.

ಮತ್ತೊಂದು. ಫೋನಿನಲ್ಲಿ ಪ್ಯಾನೆಲ್ ಪ್ಯಾನೆಲ್ ಆಗಿ ತೋರಿಸುವ ಗೈಡೆಡ್ ವ್ಯೂನಲ್ಲಿ ಓದಿದೆ ಅಂತ ಕಮೆಂಟಿನಲ್ಲಿ ಹೇಳಿದ್ದೀರಿ. ದಯವಿಟ್ಟು ಅದನ್ನು ಆಫ್ ಮಾಡಿ! ಆರ್ಟಿಸ್ಟ್ ಯೋಚಿಸುವುದು ಪುಟದ ಲೆಕ್ಕದಲ್ಲಿ. ಸಣ್ಣ ಸಣ್ಣ ಚೌಕಗಳಲ್ಲಿ ಉಸಿರು ಕಟ್ಟಿಸಿ, ಪುಟ ತಿರುಗಿಸಿದ ಕೂಡಲೇ ಸ್ಪ್ಲಾಶ್, ಅಂದರೆ ಪುಟ ತುಂಬುವ ಒಂದೇ ಚಿತ್ರ, ಬಿಚ್ಚುತ್ತಾರೆ. ಫೋನಿನಲ್ಲಿ ಎರಡೂ ಒಂದೇ ಅಳತೆ. ಟ್ಯಾಬ್ಲೆಟ್‌ನಲ್ಲಿ ಪೂರ್ತಿ ಪುಟ ನೋಡಿ. ಅನೇಕ ಇಶ್ಯೂ ಸೇರಿಸಿದ ದಪ್ಪ ಆಮ್ನಿಬಸ್ ಪುಸ್ತಕಗಳೂ ನನಗೆ ಅಷ್ಟಕ್ಕಷ್ಟೇ, ಡಬಲ್ ಪೇಜ್ ಚಿತ್ರದ ನಡುಭಾಗ ಬೈಂಡಿಂಗ್‌ನಲ್ಲಿ ಮುಳುಗುತ್ತದೆ. ಆರ್ಟ್ ಕಲಿಯೋಕೆ ಐಡಿಡಬ್ಲ್ಯು ಪ್ರಕಾಶನದ ಆರ್ಟಿಸ್ಟ್ಸ್ ಎಡಿಷನ್ ಪುಸ್ತಕಗಳಂಥದ್ದು ಇನ್ನೊಂದಿಲ್ಲ ಅನ್ನುತ್ತೇನೆ. ಮೂಲ ಹಾಳೆಗಳ ಅಳತೆಯಲ್ಲೇ ಅಚ್ಚಾಗುತ್ತವೆ, ವೈಟ್‌ನರ್ ಬಳಿದು ತಿದ್ದಿದ ಗುರುತೂ ಕಾಣುತ್ತದೆ.

ನೀವು ಎರಡನೇ ಕಥೆಯಿಂದ ಶುರು ಮಾಡಿ, ಅದು ಚಿಕ್ಕದು. ಚೀಟಿ ಇಟ್ಟು ನೋಡಿ, ಮೂರಕ್ಕೂ ಬೇರೆ ಬೇರೆ ಬರೆದು ಇಲ್ಲೇ ಹಾಕಿ. ಮುಖ ಕೆಟ್ಟಿದೆ ಅಂದ ಪುಟದ ಫೋಟೋನೂ ಇರಲಿ. ಇಂಕ್ ಕೆಡಿಸಿದ್ದೋ, ಬಣ್ಣ ಕೆಡಿಸಿದ್ದೋ ಒಟ್ಟಿಗೆ ನೋಡೋಣ.