ಘಾಟಿಯಲ್ಲಿ ಹಿಂದಕ್ಕೆ ಜಾರಿದ ಕಾರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಭಯದ ಬಗ್ಗೆ ಸಮಾಲೋಚನೆಗೆಂದು ನನ್ನ ಬಳಿ ಬಂದವರು ನಲವತ್ತರ ಆಸುಪಾಸಿನ ಶಿಕ್ಷಕಿ. ಮನೆ ಮೈಸೂರಿನಲ್ಲಿ, ತವರು ಪುತ್ತೂರಿನ ಕಡೆ. ಲೈಸೆನ್ಸ್ ಕೈಗೆ ಬಂದ ಹೊಸತರಲ್ಲಿ ತವರಿನಿಂದ ಮರಳುವಾಗ ಸಂಪಾಜೆ ಘಾಟಿಯಲ್ಲಿ ತಾವೇ ಕಾರು ಓಡಿಸುತ್ತಿದ್ದರು. ಏರಿನ ತಿರುವಿನಲ್ಲಿ ಮುಂದಿನ ಲಾರಿ ನಿಂತಿತು, ಇವರೂ ನಿಲ್ಲಿಸಿದರು. ಮತ್ತೆ ಹೊರಡುವಾಗ ಕಾರು ಹಿಂದಕ್ಕೆ ಜಾರಿ ಎಂಜಿನ್ ಆಫ್ ಆಯಿತು. ಹಿಂದಿದ್ದ ಬಸ್ಸು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಪಕ್ಕದಲ್ಲಿದ್ದ ಗಂಡ "ಬ್ರೇಕು, ಬ್ರೇಕು" ಎಂದು ಕೂಗಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅವತ್ತು ಬಿಟ್ಟ ಸ್ಟಿಯರಿಂಗನ್ನು ಅವರು ವರ್ಷವಾದರೂ ಮುಟ್ಟಿರಲಿಲ್ಲ. ಕೀಲಿ ಕೈಗೆ ತೆಗೆದುಕೊಂಡರೆ ಸಾಕು, ಅಂಗೈ ಬೆವರುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು.

"ನನಗೆ ಧೈರ್ಯ ಕಮ್ಮಿ ಮೇಡಂ, ಮನೇಲೂ ಎಲ್ಲರೂ ಅದನ್ನೇ ಹೇಳ್ತಾರೆ" ಎಂದರು.

ಎಲ್ಲೆಲ್ಲಿ ಕಲಿತಿರಿ ಎಂದು ಕೇಳಿದೆ. ಬಡಾವಣೆಯ ರಸ್ತೆ, ರಿಂಗ್ ರೋಡ್, ಕೊನೆಗೆ ಆರ್‌ಟಿಒ ಟ್ರ್ಯಾಕ್. ಏರಿನಲ್ಲಿ ನಿಲ್ಲಿಸಿ ಹೊರಟಿದ್ದು ಉಂಟೇ? ಒಂದು ಫ್ಲೈಓವರ್ ಹತ್ತಿದ್ದರಂತೆ. ಆಗ ಕ್ಲಚ್ ಮೇಲೆ ಯಾರ ಕಾಲಿತ್ತು? ಸ್ವಲ್ಪ ಹೊತ್ತು ಯೋಚಿಸಿ, "ಮೇಷ್ಟ್ರ ಕಡೆಗೂ ಪೆಡಲ್ ಇತ್ತಲ್ಲ, ಅವರೇ ಒತ್ತಿರಬೇಕು" ಎಂದರು. ತರಬೇತಿಯ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಬ್ರೇಕ್, ಕ್ಲಚ್ ಇರುತ್ತವೆ. ಜೀವ ಉಳಿಸುವ ಏರ್ಪಾಡು ಅದು, ಬೇಕೇ ಬೇಕು. ಆದರೆ ಕಾರು ಜಾರದೆ ನಿಂತದ್ದು ತನ್ನ ಕಾಲಿನಿಂದಲೋ ಮೇಷ್ಟ್ರ ಕಾಲಿನಿಂದಲೋ ಎಂಬುದು ಕಲಿಯುವವರಿಗೆ ತಿಳಿಯುವುದೇ ಇಲ್ಲ.

ಈ ಭಯದ ಅರ್ಧ ಭಾಗ ಕಲಿಯದೇ ಉಳಿದ ಪಾಠ. ಅದನ್ನು ಪುಕ್ಕಲುತನ ಎಂದು ಕರೆದವರ ಮೇಲೆ ನನಗೆ ಬೇಸರವಿದೆ. ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಲ್ಲಿ ಲಘು ವಾಹನದ ತರಬೇತಿ 29 ಗಂಟೆ, ಅದರಲ್ಲಿ 21 ಗಂಟೆ ಗಾಡಿ ಓಡಿಸುವುದಕ್ಕೇ ಮೀಸಲು. ಹಳ್ಳಿ ರಸ್ತೆ, ಹೆದ್ದಾರಿ, ನಗರ, ಏರು ಮತ್ತು ಇಳಿಜಾರು ಎಲ್ಲವೂ ಪಠ್ಯದಲ್ಲಿವೆ. ಇವರು ಕಲಿತದ್ದು ನಗರವನ್ನು ಮಾತ್ರ, ಎದುರಿಸಿದ್ದು ಘಾಟಿಯನ್ನು.

ಉಳಿದರ್ಧ ನಿಜವಾದ ಭಯ, ಅದನ್ನು ಬೆಳೆಸಿದ್ದು ದೂರ ಉಳಿದದ್ದು. ತಪ್ಪಿಸಿಕೊಂಡಾಗಲೆಲ್ಲ ಸಿಗುವ ನೆಮ್ಮದಿಯನ್ನು ಮನಸ್ಸು "ಅದು ಅಪಾಯವೇ ಆಗಿತ್ತು" ಎಂದು ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ರಸ್ತೆಗಳ ಪಟ್ಟಿ ಮಾಡಿಸಿ, ಒಂದೊಂದಕ್ಕೂ ಸೊನ್ನೆಯಿಂದ ನೂರರೊಳಗೆ ಭಯದ ಅಂಕ ಹಾಕಲು ಹೇಳಿದೆ. ಸ್ವಂತ ಕಾರಿನಲ್ಲೇ, ಎರಡನೇ ಪೆಡಲ್ ಇಲ್ಲದೆ ಕಲಿಸುವ ಅನುಭವಿ ತರಬೇತುದಾರರನ್ನು ಹುಡುಕಲು ಸೂಚಿಸಿದೆ. ಗಾಡಿಯ ಪಾಠ ಅವರದು, ಮನಸ್ಸಿನದು ನನ್ನದು.

ಹಳ್ಳಿ ರಸ್ತೆಗೆ ಅಂಕ ಕಡಿಮೆ ಬಂದಿತ್ತು. ನಂಜನಗೂಡಿನ ಆಚೆ ಹೋಗಿ ಬಂದ ಮೇಲೆ ಏರಿತು! ಡಾಂಬರಿನ ಮೇಲೆ ಒಕ್ಕಣೆಗೆ ಹರವಿದ ಹುರುಳಿ, ಬಣ್ಣ ಬಳಿಯದ ಹಂಪು, ಕಬ್ಬಿನ ಟ್ರ್ಯಾಕ್ಟರು. ಅಲ್ಲಿ ಬೇಕಾದದ್ದು ನಿಧಾನ, ಅದು ಅವರಿಗೆ ಬೇಗ ಒಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿ ಬೇರೆಯದೇ ಪಾಠ. ಮುಖ್ಯ ಪಥಗಳಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊ ಇಲ್ಲ. ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. ಅಲ್ಲಿ ಕಲಿಯಬೇಕಾದದ್ದು ಮುಂದಿನ ಗಾಡಿಯಿಂದ ಅಂತರ, ಕನ್ನಡಿ ನೋಡಿ ಪಥ ಬದಲಿಸುವುದು. ಬಲಗಡೆಯ ಪಥಕ್ಕೆ ಅಂಟಿಕೊಳ್ಳದಿರುವುದೂ ಒಂದು ಪಾಠವೇ.

ಏರಿಗೆ ಚಾಮುಂಡಿ ಬೆಟ್ಟ ಆರಿಸಿಕೊಂಡೆವು. ಜನಜಂಗುಳಿಯ ಶುಕ್ರವಾರ ಬಿಟ್ಟು, ವಾರದ ನಡುವಿನ ಬೆಳಗು. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಬಿಡುತ್ತ ಬಂದರೆ ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ಭಾರವಾಗುತ್ತದೆ, ಬಾನೆಟ್ಟು ತುಸು ಮೇಲೇಳುತ್ತದೆ. ಕಾಲನ್ನು ಅಲ್ಲೇ ತಡೆದು, ಹದವಾಗಿ ಆಕ್ಸಿಲರೇಟರ್ ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಬೇಕು. "ಅದು ಕಾಲಿಗೇ ಗೊತ್ತಾಗತ್ತೆ ಮೇಡಂ" ಎಂದು ಅವರು ಹೇಳಿದ ದಿನ ನನಗೆ ತುಂಬ ಸಂತೋಷವಾಯಿತು. ಎದೆ ಬಡಿತ ಏರಿದರೆ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಅದು ಇಳಿದ ಮೇಲೆ ಅದೇ ಏರನ್ನು ಮತ್ತೆ ಹತ್ತಿ. ಸ್ಟಿಯರಿಂಗ್ ಮಾತ್ರ ಇನ್ನೊಬ್ಬರಿಗೆ ಕೊಡಬೇಡಿ ಎಂದಿದ್ದೆ. ಇಳಿಯುವಾಗ ಎರಡನೇ ಗೇರಿನಲ್ಲೇ ಇರುವುದು, ನ್ಯೂಟ್ರಲ್ ಮಾಡದಿರುವುದು, ಬ್ರೇಕನ್ನು ಒತ್ತಿಕೊಂಡೇ ಬಂದರೆ ಕಾದು ಹಿಡಿತ ತಪ್ಪುವುದು, ಇಕ್ಕಟ್ಟಿನಲ್ಲಿ ಏರುವ ಗಾಡಿಗೆ ಮೊದಲು ದಾರಿ ಎಂಬುದು, ಇವೆಲ್ಲ ತರಬೇತುದಾರರ ಪಾಲಿನ ಪಾಠ.

ಗಂಡನನ್ನೂ ಕರೆಸಿ ಮಾತಾಡಿದೆ. ಕೂಗಿದ್ದು ಸಿಟ್ಟಿನಿಂದಲ್ಲ, ಅವರಿಗೂ ಜೀವ ಬಾಯಿಗೆ ಬಂದಿತ್ತು. ಆದರೂ ಆ ಕೂಗು ಹಾರ್ನಿಗಿಂತ ಹೆಚ್ಚು ನಾಟಿತ್ತು. ಕಲಿಯುವಷ್ಟು ದಿನ ನೀವು ಕಾರಿನಲ್ಲಿರಬೇಡಿ, ಆಮೇಲೆ ಕೂತರೂ ಮುಂದೇನು ಬರುತ್ತದೆ ಎಂಬುದನ್ನಷ್ಟೇ ಹೇಳಿ, ಆಗಿಹೋದದ್ದನ್ನು ಮನೆಗೆ ಬಂದ ಮೇಲೂ ಕೆದಕಬೇಡಿ ಎಂದೆ. ಒಪ್ಪಿದರು. ಮೊದಲನೆಯದು ಅವರಿಗೆ ಕಷ್ಟವಾಯಿತು.

ಆಕೆ ಈಗ ಶಾಲೆಗೆ ಕಾರಿನಲ್ಲೇ ಹೋಗುತ್ತಾರೆ, ತರಬೇತುದಾರರೊಂದಿಗೆ ಸಂಪಾಜೆ ಏರಿದ್ದಾರೆ. ಆ ತಿರುವಿನಲ್ಲಿ ಭಯಕ್ಕೆ ನಲವತ್ತು ಅಂಕ ಕೊಟ್ಟರು, ಮೊದಲು ತೊಂಬತ್ತೈದಿತ್ತು. ಮಳೆ, ಮಂಜು, ರಾತ್ರಿಯ ಘಾಟಿ ಇನ್ನೂ ಬಾಕಿ. ಅವುಗಳಿಗೆ ಅವಸರ ಬೇಡ, ಮೊದಲ ಮಳೆಗಾಲ ಹಗಲಿನಲ್ಲೇ ಹೋಗಿ, ಪಕ್ಕದಲ್ಲಿ ತರಬೇತುದಾರರು ಇರಲಿ ಎಂದು ಹೇಳಿದ್ದೇನೆ.